ಓದುಗರ ಪ್ರಶ್ನೆ: ಪೊಲೀಸ್ ಗಸ್ತು ಜಾಸ್ತಿಯಾದರೆ ಕಳ್ಳತನ ನಿಲ್ಲುತ್ತಾ?

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಒಂದೇ ತಿಂಗಳಲ್ಲಿ ಎರಡು ಮನೆ ಕಳ್ಳತನ ಆಗಿದೆ. ಹೊಯ್ಸಳ ಗಾಡಿ ಇನ್ನೂ ನಾಲ್ಕು ಸುತ್ತು ಜಾಸ್ತಿ ಹಾಕಿದರೆ ಕಳ್ಳರು ಹೆದರೋದಿಲ್ವಾ? ಅದಕ್ಕೆ ಎಷ್ಟು ಖರ್ಚಾದರೂ ಮಾಡಬಹುದಲ್ವಾ?

ಎಲ್ಲಾದರೂ ಕಳ್ಳತನ ಆದ ವಾರ ಈ ಪ್ರಶ್ನೆ ಬಂದೇ ಬರುತ್ತದೆ. ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಈ ಸಲ ಪೂರ್ತಿ ಬರೆಯುತ್ತೇನೆ, ದಯವಿಟ್ಟು ಕೊನೆತನಕ ಓದಿ.

ಸುಮ್ನೆ ಸುತ್ತುವ ಗಾಡಿಯಿಂದ ಕಳ್ಳತನ ಕಮ್ಮಿಯಾಗುವುದಿಲ್ಲ. ಇದನ್ನು ಒಂದು ಊರಿನ ಪೊಲೀಸರೇ ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದ ಮಿಸೌರಿ ರಾಜ್ಯದ ಕಾನ್ಸಾಸ್ ಸಿಟಿಯಲ್ಲಿ, 1972ರ ಅಕ್ಟೋಬರ್‌ನಿಂದ ಒಂದು ವರ್ಷ. ಊರಿನ ದಕ್ಷಿಣ ಭಾಗದ 15 ಬೀಟ್‌ಗಳನ್ನು, ಅಂದರೆ ಗಸ್ತಿಗೆ ಹಂಚಿಕೊಂಡ ಪ್ರದೇಶಗಳನ್ನು, ಮೂರು ಪಾಲು ಮಾಡಿದರು. ಐದು ಬೀಟ್‌ಗಳಲ್ಲಿ ಗಸ್ತನ್ನೇ ನಿಲ್ಲಿಸಿದರು. ಯಾರಾದರೂ ಫೋನ್ ಮಾಡಿದರೆ ಮಾತ್ರ ಗಾಡಿ ಒಳಗೆ ಹೋಗಬೇಕು. ಇನ್ನೈದರಲ್ಲಿ ಗಸ್ತು ಎರಡು ಮೂರು ಪಟ್ಟು ಹೆಚ್ಚಿಸಿದರು. ಉಳಿದ ಐದನ್ನು ಇದ್ದ ಹಾಗೇ ಬಿಟ್ಟರು.

ವರ್ಷ ಕಳೆದ ಮೇಲೆ ಲೆಕ್ಕ ಹಾಕಿದರೆ ಮನೆ ಕಳ್ಳತನ, ವಾಹನ ಕಳ್ಳತನ, ದರೋಡೆ ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಜನರ ಭಯವೂ ಅಷ್ಟೇ ಇತ್ತು. ಗಸ್ತು ನಿಂತದ್ದೂ, ಹೆಚ್ಚಿದ್ದೂ ಬಹುಪಾಲು ಜನರ ಗಮನಕ್ಕೇ ಬಂದಿರಲಿಲ್ಲ.

ಇಷ್ಟು ಹೇಳಿದರೂ "ಅದು ಅಮೆರಿಕ ಸರ್, ನಮ್ಮ ಕಡೆ ಬೇರೆ" ಅನ್ನುತ್ತಾರೆ. ಸರಿ, ನಮ್ಮ ಬೀದಿಗೇ ಬರೋಣ. ನಮ್ಮ ರಸ್ತೆಯ ಕೊನೆಮನೆ ಗೇಟಿಗೆ ಒಂದು ತಗಡಿನ ಡಬ್ಬಿ ಕಟ್ಟಿದ್ದರು. ಒಳಗೆ ಬೀಟ್ ಪುಸ್ತಕ. ರಾತ್ರಿ ಎರಡರ ಹೊತ್ತಿಗೆ ಬೈಕ್ ನಿಲ್ಲುತ್ತಿತ್ತು. ಕಾನ್‌ಸ್ಟೇಬಲ್ ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸಹಿ ಹಾಕಿ ಹೋಗುತ್ತಿದ್ದರು. ಡಬ್ಬಿ ಮುಚ್ಚಿದ ಸದ್ದು ಕೇಳಿದರೆ ನನಗೆ ನೆಮ್ಮದಿ, ಮಗ್ಗುಲು ಬದಲಿಸಿ ಮಲಗುತ್ತಿದ್ದೆ. ಕತ್ತಲಲ್ಲಿ ಕಾದು ನಿಂತ ಕಳ್ಳನಿಗೂ ಅದೇ ಸದ್ದು ಕೇಳಿಸುತ್ತದೆ ಅನ್ನೋದು ಹೊಳೆದದ್ದು ಬಹಳ ತಡವಾಗಿ.

ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ 360 ನಿಮಿಷ. ಗಾಡಿ ನಾಲ್ಕು ಸುತ್ತು ಬಂದು, ಪ್ರತಿ ಸಲ ಒಂದು ನಿಮಿಷ ನಿಮ್ಮ ರಸ್ತೆಯಲ್ಲಿತ್ತು ಅಂದುಕೊಳ್ಳಿ. ಗಸ್ತನ್ನು ದುಪ್ಪಟ್ಟು ಮಾಡಿದರೂ ಎಂಟೇ ನಿಮಿಷ. ಉಳಿದ 352 ನಿಮಿಷ ರಸ್ತೆ ಖಾಲಿ. ಹಿಂಬಾಗಿಲ ಚಿಲಕ ಮೀಟುವವನು ರಸ್ತೆಗೆ ಕಾಣುವುದೂ ಇಲ್ಲ. ಮನೆಯೊಳಗೆ ಹೆಂಡತಿಗೆ ಹೊಡೆಯುವವನು, ಫೋನಿನಲ್ಲಿ ಓಟಿಪಿ ಕೇಳುವವನು ಯಾವ ಗಾಡಿಯ ಕಣ್ಣಿಗೆ ಬೀಳುತ್ತಾನೆ ಹೇಳಿ.

ಹಾಗಂತ ಪೊಲೀಸರೇ ಬೇಡ ಅಂತ ಅಲ್ಲ. 1969ರ ಅಕ್ಟೋಬರ್ 7ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಪೊಲೀಸರು ಮುಷ್ಕರ ಹೂಡಿದರು. ಆ ಒಂದೇ ದಿನದಲ್ಲಿ ಬ್ಯಾಂಕ್ ದರೋಡೆಗಳಾದವು, ಸಾಲು ಸಾಲು ಅಂಗಡಿಗಳ ಲೂಟಿಯಾಯಿತು. ಪೊಲೀಸರು ಇದ್ದಾರೆ ಅನ್ನುವ ಭಯ ಬೇಕೇ ಬೇಕು. ಅವರು ಎಲ್ಲಿ ನಿಲ್ಲಬೇಕು ಅನ್ನುವುದೇ ಪ್ರಶ್ನೆ.

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸರಿಗೆ ಬಂದ ಕರೆಗಳ ವಿಳಾಸ ತೆಗೆದು ನೋಡಿದರು. ಸುಮಾರು 3 ಶೇಕಡಾ ವಿಳಾಸಗಳಿಂದಲೇ ಅರ್ಧದಷ್ಟು ಕರೆಗಳು! 1988–89ರಲ್ಲಿ ಅಂಥ 110 ಜಾಗ ಆರಿಸಿ, ಅರ್ಧಕ್ಕೆ ಮಾತ್ರ ಗಸ್ತು ಹೆಚ್ಚಿಸಿದರು. ಅಲ್ಲಿ ಕರೆಗಳು 6ರಿಂದ 13 ಶೇಕಡಾ ಇಳಿದವು. ಒಂದು ಕಡೆ 10–15 ನಿಮಿಷ ನಿಂತು ಹೊರಟರೆ, ಅದರ ಪರಿಣಾಮ ಗಾಡಿ ಹೋದ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ ಅನ್ನುವುದೂ ಗೊತ್ತಾಯಿತು.

ಇನ್ನು ಖರ್ಚು. ಒಂದು ಗಾಡಿ 24 ಗಂಟೆ ರಸ್ತೆಯಲ್ಲಿರಬೇಕಾದರೆ ಮೂರು ಪಾಳಿ. ಪಾಳಿಗೆ ಇಬ್ಬರಂತೆ ಆರು ಜನ. ವಾರದ ರಜೆ ಸೇರಿಸಿದರೆ ಏಳು. ಇಷ್ಟೂ ಜನರ ಸಂಬಳ, ಡೀಸೆಲ್ ಸುರಿದು ಬಡಾವಣೆ ಸುತ್ತಿಸುವುದು ನನ್ನ ಪ್ರಕಾರ ದಂಡ. ಅದೇ ಏಳು ಜನ ಬಸ್ ಸ್ಟ್ಯಾಂಡ್ ಹಿಂದಿನ ಓಣಿ, ಬಾರ್ ಎದುರಿನ ತಿರುವು, ಸರ ಕಿತ್ತ ದೂರು ಮತ್ತೆ ಮತ್ತೆ ಬರುವ ಅಡ್ಡರಸ್ತೆ, ಇಂಥ ಕಡೆ ನಿಂತರೆ ಕೊಟ್ಟ ದುಡ್ಡು ಸಾರ್ಥಕ.

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು. ಕುಡಿದು ಗಾಡಿ ಓಡಿಸುವವರ ತಪಾಸಣೆಗೂ ಇದೇ ಲೆಕ್ಕ, ಅಂದರೆ ಒಂದೇ ಕಡೆ ನಿಲ್ಲುವುದು, ನಡೆಯುತ್ತದಾ? ಇಲ್ಲ. ರಾಜಸ್ಥಾನ ಪೊಲೀಸರ ಜೊತೆ ಸೇರಿ ಅರ್ಥಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿದರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಆ ತಂಡದಲ್ಲಿದ್ದರು. ಒಂದೇ ಜಾಗದಲ್ಲಿ ನಾಕಾ (ವಾಹನ ತಡೆದು ತಪಾಸಣೆ ಮಾಡುವ ಜಾಗ) ಹಾಕಿದ ಕಡೆ ಹೆಚ್ಚೇನೂ ಪ್ರಯೋಜನ ಆಗಲಿಲ್ಲ. ಜಾಗ ಬದಲಿಸುತ್ತಾ ಹಾಕಿದ ಕಡೆ ರಾತ್ರಿ ಅಪಘಾತ 17 ಶೇಕಡಾ, ಸಾವು 25 ಶೇಕಡಾ ಕಮ್ಮಿಯಾಯಿತು. ನಾಕಾ ಎಲ್ಲಿದೆ ಅಂತ ಮೊದಲೇ ಗೊತ್ತಿದ್ದರೆ ಕುಡಿದವರು ಪಕ್ಕದ ರಸ್ತೆ ಹಿಡಿಯುತ್ತಾರೆ, ಅಷ್ಟೇ. ಇದಕ್ಕೆ ಹೊಸ ನೇಮಕಾತಿಯನ್ನೇನೂ ಮಾಡಿರಲಿಲ್ಲ. ಠಾಣೆಯ ಸಿಬ್ಬಂದಿಗಿಂತ ಚೆನ್ನಾಗಿ ಕೆಲಸ ಮಾಡಿದವರು ಪೊಲೀಸ್ ಲೈನ್‌ನಿಂದ ಕರೆಸಿದ ಮೀಸಲು ಸಿಬ್ಬಂದಿ.