ಪ್ಲಾನು ಬರುವ ಹೊತ್ತಿಗೆ ಮನೆ ಎದ್ದಿರುತ್ತದೆ: ಬೆಂಗಳೂರಿನ ಮಾಸ್ಟರ್ ಪ್ಲಾನ್ ಕಥೆ

ಹೋದ ವರ್ಷ ನಮ್ಮ ಭಾವ ಮಾಗಡಿ ರಸ್ತೆ ಕಡೆ ಒಂದು ಸೈಟು ನೋಡಲು ಹೊರಟರು. ಜೊತೆಗೆ ನನ್ನನ್ನೂ ಕರೆದರು. ಟೀ ಅಂಗಡಿ ಮುಂದೆ ಬ್ರೋಕರ್ ತನ್ನ ಕಾರಿನ ಬಾನೆಟ್ ಮೇಲೆ ಒಂದು ಕಲರ್ ಜೆರಾಕ್ಸ್ ಹರಡಿದ. ಮಡಿಸಿ ಮಡಿಸಿ, ಮಡಿಕೆ ಬಿದ್ದ ಕಡೆಯೆಲ್ಲ ಬಣ್ಣವೇ ಹೋಗಿತ್ತು.

"ನೋಡಿ ಸಾರ್, ಸಿಡಿಪಿ. ಇಲ್ಲೆಲ್ಲಾ ಪೂರ್ತಿ ಯೆಲ್ಲೋ. ಕಣ್ಣು ಮುಚ್ಚಿಕೊಂಡು ತಗೊಳ್ಳಿ."

ಭಾವ ಕಣ್ಣು ಮುಚ್ಚಲಿಲ್ಲ, ಕನ್ನಡಕ ಹಾಕಿಕೊಂಡರು. ಹಳದಿ ಬಣ್ಣದ ನಡುವೆ ಕೂದಲೆಳೆಯಷ್ಟು ಸಣ್ಣ ನೀಲಿ ಗೆರೆ ಹಾದುಹೋಗಿತ್ತು. "ಇದೇನ್ರೀ?" ಅಂದರು. "ಅದು ಹಳೇ ಕಾಲುವೆ ಸಾರ್. ಈಗ ಅಲ್ಲಿ ಏನೂ ಇಲ್ಲ."

ನಕ್ಷೆಯ ಮೂಲೆಯಲ್ಲಿ 2015 ಅಂತ ಅಚ್ಚಾಗಿತ್ತು. ಅದು ನಕ್ಷೆ ತಯಾರಾದ ವರ್ಷವಲ್ಲ. ಅದರ ಅವಧಿ ಮುಗಿಯುವ ವರ್ಷ. 'ಪರಿಷ್ಕೃತ ಮಹಾಯೋಜನೆ 2015' ಎಂಬ ಈ ಪ್ಲಾನಿಗೆ ಸರ್ಕಾರ ಒಪ್ಪಿಗೆ ಕೊಟ್ಟಿದ್ದು 2007ರಲ್ಲಿ. ಆಮೇಲೆ ಇನ್ನೊಂದು ಬರಲೇ ಇಲ್ಲ. ನಿಜ ಹೇಳಬೇಕೆಂದರೆ ಬ್ರೋಕರ್ ಹೇಳಿದ ಸಿಡಿಪಿ, ಅಂದರೆ ಸಮಗ್ರ ಅಭಿವೃದ್ಧಿ ಯೋಜನೆ, ಅದಕ್ಕೂ ಹಿಂದಿನ ಪ್ಲಾನಿನ ಹೆಸರು. ಆದರೆ ಬೆಂಗಳೂರಿನಲ್ಲಿ ಯಾವ ಪ್ಲಾನಾದರೂ ಜನರ ಬಾಯಲ್ಲಿ ಸಿಡಿಪಿಯೇ. ಯಾವ ಜಾಗ ಯಾವುದಕ್ಕೆ ಅಂತ ಅದರಲ್ಲಿ ಬಣ್ಣ ಹೇಳುತ್ತದೆ. ಹಳದಿ ಅಂದರೆ ವಾಸದ ಮನೆ, ನೀಲಿ ಬಳಿದಿದ್ದರೆ ವಾಣಿಜ್ಯ (ಸಣ್ಣ ನೀಲಿ ಗೆರೆ ಬೇರೆ, ಅದು ಕಾಲುವೆ), ನೇರಳೆ ಅಂದರೆ ಕೈಗಾರಿಕೆ, ಕೆಂಪು ಅಂದರೆ ಶಾಲೆ, ಆಸ್ಪತ್ರೆ, ಕಚೇರಿಯಂಥವು, ಹಸಿರು ಅಂದರೆ ಪಾರ್ಕು. ಒಂದು ಬಣ್ಣದಿಂದ ಇನ್ನೊಂದಕ್ಕೆ ಹಾರಿದರೆ ಜಮೀನಿನ ಬೆಲೆ ರಾತ್ರೋರಾತ್ರಿ ಎಷ್ಟೋ ಪಟ್ಟು ಏರುತ್ತದೆ. ಊರಿನ ಭವಿಷ್ಯ ಬರೆಯುವ ಕಾಗದದ ಸುತ್ತ ಇಷ್ಟು ಜಗಳ ಯಾಕೆ ಅಂದರೆ ಉತ್ತರ ಇಲ್ಲೇ ಇದೆ.

ಈ ಊರಿಗೆ ಪ್ಲಾನು ಮಾಡುವುದು ಹೊಸದೇನಲ್ಲ. 1537ರಲ್ಲಿ ಕೆಂಪೇಗೌಡರು ಪೇಟೆ ಕಟ್ಟಿದಾಗ ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ ಅಂತ ಕಸುಬಿಗೊಂದು ಬೀದಿ ಇತ್ತು. ಸುತ್ತ ಕೆರೆಗಳಿದ್ದವು. ನದಿಯಿಲ್ಲದ ಎತ್ತರದ ಊರಿಗೆ ಕೆರೆಯೇ ಮೊದಲ ಮಾಸ್ಟರ್ ಪ್ಲಾನು ಅಂದರೂ ತಪ್ಪಿಲ್ಲ. 1809ರಲ್ಲಿ ಬ್ರಿಟಿಷರ ದಂಡು ಬಂತು. ಪೇಟೆಯ ಪಕ್ಕದಲ್ಲೇ ಬೇರೆ ಆಡಳಿತದ ಇನ್ನೊಂದು ಊರು ಬೆಳೆಯಿತು. ಇವೆರಡೂ ಒಂದೇ ನಗರಪಾಲಿಕೆ ಆಗಲು 1949 ಬರಬೇಕಾಯಿತು.

ನಡುವೆ 1898ರಲ್ಲಿ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನ ಗಲ್ಲಿಗಳಲ್ಲಿ ಜನ ಸಾಯತೊಡಗಿದರು. ಊರು ಬಿಟ್ಟವರು ಹೊರಗೆ ಗುಡಿಸಲು ಹಾಕಿಕೊಂಡರು. ಆ ತುರ್ತಿನಲ್ಲಿ ಬೆಳೆದದ್ದು ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು. ಇವತ್ತು ನಾವು 'ಹಳೇ ಬೆಂಗಳೂರು ಎಷ್ಟು ಚೆನ್ನಾಗಿತ್ತು' ಅಂತ ನಿಟ್ಟುಸಿರು ಬಿಡುವುದು ಇವನ್ನೇ ನೋಡಿ. ಮಲ್ಲೇಶ್ವರದ ಹಳೇ ಮನೆಯೊಂದರ ಹಿಂದೆ ಹೋಗಿ ನಿಂತರೆ ಎರಡು ಸಾಲು ಮನೆಗಳ ಹಿತ್ತಿಲ ನಡುವೆ ಕಿರಿದಾದ ಓಣಿ ಸಿಗುತ್ತದೆ. ಅದಕ್ಕೆ ಕನ್ಸರ್ವೆನ್ಸಿ ಅಂತ ಹೆಸರು. ಒಳಚರಂಡಿ ಇಲ್ಲದ ಕಾಲದಲ್ಲಿ ಮಲ ಹೊರುವವರು ಮುಂಬಾಗಿಲಿಗೆ ಬರದೆ ಹಿಂದಿನಿಂದಲೇ ಬಂದು ಹೋಗಲಿ ಅಂತ ಬಿಟ್ಟ ದಾರಿ ಅದು. ಗಾಳಿ ಬೆಳಕಿನ ಲೆಕ್ಕ, ರೋಗದ ಭಯ, ಜಾತಿಯ ಗೆರೆ ಮೂರೂ ಒಂದೇ ಓಣಿಯಲ್ಲಿವೆ. ಯಾವ ಭಾಗ ಯಾವ ಜಾತಿಯವರಿಗೆ ಅಂತ ಹಂಚಿಕೆ ಕೂಡ ನಡೆದಿತ್ತು. ಈಗ ಆ ಓಣಿಗಳಲ್ಲಿ ಸ್ಕೂಟರ್ ನಿಂತಿರುತ್ತವೆ. ಕೆಲವನ್ನು ಅಕ್ಕಪಕ್ಕದವರು ಸುಮ್ನೆ ಒಳಗೆ ಸೇರಿಸಿಕೊಂಡಿದ್ದಾರೆ.

ಆದರೂ ಒಂದು ಮಾತು ಒಪ್ಪಬೇಕು. ಅಲ್ಲಿ ಮೊದಲು ರಸ್ತೆ ಬಂತು, ಮೋರಿ ಬಂತು, ಪಾರ್ಕಿಗೆ ಜಾಗ ಬಿಟ್ಟರು. ಮನೆ ಬಂದದ್ದು ಆಮೇಲೆ. ಈ ಕ್ರಮ ಯಾವಾಗ ಉಲ್ಟಾ ಆಯಿತು ಅನ್ನುವುದೇ ಮುಂದಿನ ಕಥೆ.

1945ರಲ್ಲಿ ಸಿಐಟಿಬಿ, ಅಂದರೆ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಬಂತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಸಿಐಟಿಬಿ ಕೆಲಸ ಬಡಾವಣೆ ಮಾಡಿ ಸೈಟು ಹಂಚುವುದು. ಊರು ಇಡಿಯಾಗಿ ಎತ್ತ ಬೆಳೆಯಬೇಕು ಅಂತ ನೋಡುವವರು ಯಾರೂ ಇರಲಿಲ್ಲ. ಅಷ್ಟರಲ್ಲಿ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಒಂದರ ಹಿಂದೆ ಒಂದು ಬಂದವು. ತಮ್ಮ ಕಾಲೋನಿ ತಾವೇ ಕಟ್ಟಿಕೊಂಡವು. ಫ್ಯಾಕ್ಟರಿ ಇದ್ದ ಕಡೆಗೆ ಊರು ನಡೆದುಹೋಯಿತು.

ಕಾನೂನು ಬಂದದ್ದು 1961ರಲ್ಲಿ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಯೋಜನಾ ಪ್ರದೇಶ ಅಂತ ಒಂದು ಎಲ್ಲೆ ಗುರುತಿಸಿ, ಜಮೀನು ಜಮೀನಿಗೂ ಬಣ್ಣ ಹಚ್ಚಿ, ಕರಡು ಪ್ರಕಟಿಸಿ, ಜನರ ಆಕ್ಷೇಪಣೆ ಕೇಳಿ, ಸರ್ಕಾರದ ಒಪ್ಪಿಗೆ ಪಡೆಯಬೇಕು. ಇವತ್ತಿಗೂ ಎಲ್ಲ ನಡೆಯುವುದು ಇದೇ ಕಾಯ್ದೆಯ ಕೆಳಗೆ. ಹತ್ತು ವರ್ಷಕ್ಕೊಮ್ಮೆಯಾದರೂ ಪ್ಲಾನು ಪರಿಷ್ಕರಿಸಬೇಕು ಅಂತಲೂ ಅದರಲ್ಲಿದೆ.

ಬೆಂಗಳೂರಿನ ಮೊದಲ ಪ್ಲಾನಿಗೆ ಒಪ್ಪಿಗೆ ಸಿಕ್ಕಿದ್ದು 1972ರಲ್ಲಿ. ಅದರ ಗುರಿ ವರ್ಷ 1976. ಒಪ್ಪಿಗೆ ಸಿಕ್ಕಿ ನಾಲ್ಕೇ ವರ್ಷಕ್ಕೆ ಮುಗಿಯುವ ಪ್ಲಾನು! ಆ ದಶಕದಲ್ಲಿ ಊರು ಹೇಗೆ ಉಬ್ಬಿತು ನೋಡಿ. 1971ರ ಜನಗಣತಿಯಲ್ಲಿ ಸುಮಾರು 16.5 ಲಕ್ಷ ಇದ್ದ ಜನ 1981ಕ್ಕೆ 29 ಲಕ್ಷ ಆದರು. 1976ರಲ್ಲಿ ಸಿಐಟಿಬಿ ಹೋಗಿ ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು. ಊರಿನ ಪ್ಲಾನು ಮಾಡುವುದೂ ಅದೇ, ಜಮೀನು ಹಿಡಿದು ಲೇಔಟು ಮಾಡಿ ಸೈಟು ಮಾರುವುದೂ ಅದೇ. ಎರಡು ಕೆಲಸ ಒಂದೇ ಕೈಯಲ್ಲಿ. ನನ್ನ ಮಟ್ಟಿಗೆ ಇದು ಈ ಕಥೆಯ ದೊಡ್ಡ ಗಂಟು. ಸೈಟು ಮಾರುವ ಕೆಲಸದಲ್ಲಿ ದುಡ್ಡಿದೆ, ಗಡಿಬಿಡಿಯಿದೆ, ಅರ್ಜಿದಾರರ ಸಾಲಿದೆ. ಇಪ್ಪತ್ತು ವರ್ಷ ಮುಂದಕ್ಕೆ ಯೋಚಿಸಿ ಅಂತ ಕಚೇರಿ ಬಾಗಿಲು ತಟ್ಟುವವರು ಯಾರೂ ಇಲ್ಲ.

1984ರಲ್ಲಿ ಬಿಡಿಎ ತಂದದ್ದೇ ಆ ಪ್ರಸಿದ್ಧ ಸಿಡಿಪಿ. ಅದರಲ್ಲಿ ಒಂದು ಒಳ್ಳೇ ಯೋಚನೆ ಇತ್ತು. ಊರು ಬೆಳೆಯುವ ಜಾಗ ಸುಮಾರು 440 ಚದರ ಕಿ.ಮೀ. ಅದರ ಸುತ್ತ ಹೆಚ್ಚುಕಡಿಮೆ ಎರಡು ಪಟ್ಟು ವಿಸ್ತಾರದ ಗ್ರೀನ್ ಬೆಲ್ಟು. ಅಲ್ಲಿ ಹೊಲ, ತೋಟ, ಕೆರೆ ಇರಬೇಕು, ಲೇಔಟು ಬರಬಾರದು.

ಕಾಗದದ ಮೇಲೆ ಚೆಂದವೇ. ಆದರೆ ಊರಿನ ಒಳಗೆ ಬಡವರಿಗೆ, ಕೆಳ ಮಧ್ಯಮ ವರ್ಗದವರಿಗೆ ಕೈಗೆಟುಕುವ ಸೈಟು ಇರಲಿಲ್ಲ. ಬಿಡಿಎ ಸೈಟಿಗೆ ಅರ್ಜಿ ಹಾಕಿ, ಪ್ರತಿ ಸಲ ಲಿಸ್ಟ್ ನೋಡಿ, ಹೆಸರಿಲ್ಲದೆ ವಾಪಸ್ ಬರುತ್ತಿದ್ದ ಎಷ್ಟು ಮನೆಗಳಿಲ್ಲ ಹೇಳಿ. ಅದೇ ಗ್ರೀನ್ ಬೆಲ್ಟಿನ ಹಳ್ಳಿಯಲ್ಲಿ ರೈತ ತನ್ನ ಹೊಲದಲ್ಲಿ ಸುಣ್ಣದ ಗೆರೆ ಎಳೆದು ಮೂವತ್ತು-ನಲವತ್ತರ ಸೈಟು ಮಾಡಿ ಅರ್ಧಕ್ಕರ್ಧ ಕಡಿಮೆಗೆ ಕೊಡುತ್ತಿದ್ದ. ಹೊಲವನ್ನು ವಾಸದ ಜಾಗ ಮಾಡುವ ಕನ್ವರ್ಷನ್ ಇಲ್ಲ, ಪ್ಲಾನ್ ಸ್ಯಾಂಕ್ಷನ್ ಇಲ್ಲ, ಕ್ರಯಪತ್ರದ ಬದಲು ಬರೀ ಜಿಪಿಎ, ಅಂದರೆ ಅಧಿಕಾರ ಪತ್ರ. ಇದೇ 'ರೆವಿನ್ಯೂ ಸೈಟು'. ರಸ್ತೆ ಇಪ್ಪತ್ತು ಅಡಿ, ಮೋರಿಗೆ ಜಾಗವಿಲ್ಲ, ಪಾರ್ಕಿನ ಮಾತಂತೂ ಕೇಳಲೇಬೇಡಿ. ಜನ ಕೊಂಡರು. ಮನೆ ಕಟ್ಟಿದರು. ಕರೆಂಟು ಬಂತು, ವೋಟರ್ ಲಿಸ್ಟಿನಲ್ಲಿ ಹೆಸರು ಬಂತು, ಓಟು ಕೇಳಲು ಬಂದವರು ಬೋರ್‌ವೆಲ್ ಕೊರೆಸಿಕೊಟ್ಟರು. ಹತ್ತು ವರ್ಷ ಆದಮೇಲೆ ಬಂದ ಪ್ಲಾನು ಆ ಹಸಿರಿನ ಒಂದಷ್ಟು ಭಾಗಕ್ಕೆ ಹಳದಿ ಹಚ್ಚಿತು. 1995ರ ಪರಿಷ್ಕರಣೆಯಲ್ಲಿ ಬೆಳೆಯುವ ಜಾಗ 440ರಿಂದ ಸುಮಾರು 565 ಚದರ ಕಿ.ಮೀ.ಗೆ ಹಿಗ್ಗಿತು. 2007ರಲ್ಲಿ ಇನ್ನೂ ಹಿಗ್ಗಿತು. ಪ್ಲಾನು ಊರಿನ ಮುಂದೆ ನಡೆಯುವುದು ಬಿಟ್ಟು ಹಿಂದೆ ಹಿಂದೆ ಓಡತೊಡಗಿತು.

ಕಟ್ಟಿದವರನ್ನು ಬೈಯುವುದು ಸುಲಭ. ಆದರೆ ಸಕ್ರಮ ದಾರಿಯಲ್ಲಿ ಸೂರು ಸಿಗದಿದ್ದರೆ ಅಕ್ರಮ ದಾರಿಯೇ ಮುಖ್ಯ ರಸ್ತೆ ಆಗುತ್ತದೆ, ಅಲ್ವಾ? ಹೀಗೆ ಎದ್ದ ಮನೆಗಳನ್ನು ದಂಡ ಕಟ್ಟಿಸಿಕೊಂಡು ಒಪ್ಪಿಕೊಳ್ಳಲು ಸರ್ಕಾರ 'ಅಕ್ರಮ-ಸಕ್ರಮ' ತಂದಿತು. 2007ರಲ್ಲಿ ಕಾಯ್ದೆ ತಿದ್ದುಪಡಿ, 2014ರಲ್ಲಿ ನಿಯಮ. 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಒಪ್ಪಿತು. ಮರುತಿಂಗಳೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅಷ್ಟೂ ಕಾಲ ಲಕ್ಷಾಂತರ ಮನೆಯವರು 'ಬಿ ಖಾತಾ' (ಸಕ್ರಮವಲ್ಲದ ಆಸ್ತಿಗೆ ಪಾಲಿಕೆ ಕೊಡುವ ತೆರಿಗೆ ದಾಖಲೆ) ಹಿಡಿದು ಕೂತರು. ತೆರಿಗೆ ಕಟ್ಟಬೇಕು, ಆದರೆ ಬ್ಯಾಂಕಿಗೆ ಹೋದರೆ ಸಾಲಕ್ಕೆ ತಕರಾರು.

2007 ಇನ್ನೊಂದು ಕಾರಣಕ್ಕೂ ಮುಖ್ಯ ವರ್ಷ. ಬೊಮ್ಮನಹಳ್ಳಿ, ಮಹದೇವಪುರ, ಯಲಹಂಕದಂಥ ಏಳು ನಗರಸಭೆ, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ, ಅಂದರೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. ಊರು ಒಂದೇ ಏಟಿಗೆ ಮೂರು ಪಟ್ಟು ದೊಡ್ಡದಾಯಿತು. ಹಳ್ಳಿ ಬೋರ್ಡು ಹೋಗಿ ವಾರ್ಡ್ ಬೋರ್ಡು ಬಂತು. ನೀರು? ಆ 110 ಹಳ್ಳಿಗಳಿಗೆಂದು ಮಾಡಿದ ಕಾವೇರಿ ಐದನೇ ಹಂತ ಚಾಲೂ ಆಗಿದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ ಬೋರ್‌ವೆಲ್ಲು, ಟ್ಯಾಂಕರು. ಆ ಕಡೆ ಬಾಡಿಗೆಗಿದ್ದ ನನ್ನ ಗೆಳೆಯನೊಬ್ಬ ಬೇಸಿಗೆಯಲ್ಲಿ ಆಫೀಸಿಗೆ ಹೊರಡುವ ಮುಂಚೆ ನೋಡುತ್ತಿದ್ದದ್ದು ಸಂಪಿನ ಮುಚ್ಚಳ ತೆಗೆದು ನೀರಿನ ಮಟ್ಟ.

ಊರಿನ ಹೊರಗೆ ಪೆರಿಫೆರಲ್ ರಿಂಗ್ ರಸ್ತೆ ಅಂತ ಇನ್ನೊಂದು ಗೆರೆ ಇದೆ. ಮೊದಲು ಮಾಡಿದ್ದ ಹೊರವರ್ತುಲ ರಸ್ತೆಯ ಪಕ್ಕದಲ್ಲೇ ಟೆಕ್ ಪಾರ್ಕುಗಳು ಎದ್ದು ಅದೇ ಊರಿನ ನಡುರಸ್ತೆ ಆದಮೇಲೆ, ಅದರಾಚೆ ಇನ್ನೊಂದು ಬೇಕು ಅಂತ ಹಾಕಿದ್ದು. ಉದ್ದ 73 ಕಿ.ಮೀ. ಅಂತಿಮ ಅಧಿಸೂಚನೆ ಆಗಿದ್ದು 2007ರಲ್ಲಿ. ರಸ್ತೆ ಬರಲಿಲ್ಲ. ಗೆರೆ ಬಿದ್ದ ಹೊಲದವರು ಮಾರುವ ಹಾಗಿಲ್ಲ, ಕಟ್ಟುವ ಹಾಗಿಲ್ಲ. ಪರಿಹಾರ 2013ರ ಹೊಸ ಭೂಸ್ವಾಧೀನ ಕಾಯ್ದೆ ಲೆಕ್ಕದಲ್ಲಿ ಕೊಡಿ ಅಂತ ರೈತರು ಕೇಳಿದರು. ಅದು ನಮಗೆ ಅನ್ವಯಿಸಲ್ಲ ಅಂತ ಬಿಡಿಎ ವಾದಿಸಿತು. 2022ರಲ್ಲಿ ಸುಪ್ರೀಂ ಕೋರ್ಟ್ ಬಿಡಿಎ ಮಾತು ಒಪ್ಪಿತು. ಈಗ ಯೋಜನೆಗೆ 'ಬಿಸಿನೆಸ್ ಕಾರಿಡಾರ್' ಅಂತ ಹೊಸ ಹೆಸರಿಟ್ಟಿದ್ದಾರೆ. ಅಧಿಸೂಚನೆ ಬಂದಾಗ ಹುಟ್ಟಿದ ಮಕ್ಕಳು ಕಾಲೇಜಿಗೆ ಹೋಗುತ್ತಿದ್ದಾರೆ.

ಇನ್ನು ಭಾವ ನಕ್ಷೆಯಲ್ಲಿ ಕಂಡ ಆ ನೀಲಿ ಗೆರೆ. ಬೆಂಗಳೂರಿನ ಕೆರೆಗಳು ಒಂದಕ್ಕೊಂದು ಸರದಂತೆ ಪೋಣಿಸಿಕೊಂಡಿವೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯಬೇಕು. ಬಣ್ಣ ಹಚ್ಚಿದ ನಕ್ಷೆಯಲ್ಲಿ ಈ ಏರುತಗ್ಗು ಕಾಣುವುದಿಲ್ಲ, ಎಲ್ಲವೂ ಚಪ್ಪಟೆ. ಕೆರೆ ನುಂಗಿದವರು ಬರೀ ಬಿಲ್ಡರುಗಳು ಅಂತ ತಿಳಿಯಬೇಡಿ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆಯಿತು, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯಿತು. ಎರಡೂ ಸಾರ್ವಜನಿಕ ಕೆಲಸಗಳೇ. 2007ರ ಪ್ಲಾನು ಕೆರೆಯಿಂದ 30 ಮೀಟರ್, ದೊಡ್ಡ ರಾಜಕಾಲುವೆಯ ನಡುವಿನಿಂದ 50, ಮಧ್ಯಮದ್ದಕ್ಕೆ 25, ಸಣ್ಣದಕ್ಕೆ 15 ಮೀಟರ್ ಬಿಡಬೇಕು ಅಂದಿತು. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಮಾಡಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು, ಮತ್ತೆ 30ಕ್ಕೆ ಬಂತು. 2022ರ ಸೆಪ್ಟೆಂಬರ್ ಮಳೆಗೆ ಮಾತ್ರ ಈ ಆದೇಶಗಳ ಲೆಕ್ಕ ಗೊತ್ತಿರಲಿಲ್ಲ. ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆ ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿ ಹೊರತಂದರು.

2031ಕ್ಕೆಂದು ಹೊಸ ಪ್ಲಾನಿನ ಕರಡು 2017ರ ನವೆಂಬರಿನಲ್ಲಿ ಬಂದಿತ್ತು. ಆ ಹೊತ್ತಿಗೆ ಊರಿನ ಜನಸಂಖ್ಯೆ ಎರಡು ಕೋಟಿ ದಾಟುತ್ತದೆ ಅಂತ ಅದರ ಅಂದಾಜು. ಆಕ್ಷೇಪಣೆಗಳು ರಾಶಿ ಬಿದ್ದವು. 2020ರಲ್ಲಿ ಸರ್ಕಾರ ಕರಡನ್ನೇ ವಾಪಸ್ ತಗೊಂಡಿತು. ಸಂವಿಧಾನದ 74ನೇ ತಿದ್ದುಪಡಿ ಪ್ರಕಾರ ಇಷ್ಟು ದೊಡ್ಡ ಊರಿನ ಅಭಿವೃದ್ಧಿ ಯೋಜನೆ ಮಾಡಬೇಕಾದ್ದು ಚುನಾಯಿತರು ಹೆಚ್ಚಿರುವ ಮಹಾನಗರ ಯೋಜನಾ ಸಮಿತಿ. ತಿದ್ದುಪಡಿ ಬಂದದ್ದು 1992ರಲ್ಲಿ. ಇಲ್ಲಿ ಸಮಿತಿ ರಚನೆಯಾಗಿದ್ದು 2014ರಲ್ಲಿ, ಅದೂ ಕೋರ್ಟಿನ ಒತ್ತಡದ ಮೇಲೆ. ಅದು ಕೂತು ಊರಿಗೊಂದು ಪ್ಲಾನು ಕೊಟ್ಟಿದ್ದಂತೂ ಇಲ್ಲ.

ಈಗ ಆಟದ ಮೈದಾನ ಬದಲಾಗಿದೆ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಿಂದ ಜಾರಿಗೆ ಬಂತು. ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಮೇಲೆ ಜಿಬಿಎ, ಅಂದರೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಪ್ಲಾನು ಮಾಡುವ ಅಧಿಕಾರ ಈಗ ಬಿಡಿಎಯಿಂದ ಅದರ ಕೈಗೆ ಬಂದಿದೆ. ಸೈಟು ಮಾರುವವರಿಂದ ಪ್ಲಾನು ಮಾಡುವವರನ್ನು ಬೇರೆ ಮಾಡಿದ್ದು ನನಗಂತೂ ಸರಿ ಅನಿಸಿದೆ. ಜಿಬಿಎಗೆ ಮುಖ್ಯಮಂತ್ರಿಯೇ ಅಧ್ಯಕ್ಷರು, ಹಾಗಾಗಿ ವಾರ್ಡಿನ ಮಾತು ಅಲ್ಲಿಯವರೆಗೆ ಎಷ್ಟು ಮುಟ್ಟುತ್ತದೆ ಅನ್ನುವ ಅನುಮಾನವೂ ಇದೆ.

ಮುಂದಿನ ಕರಡು ಬಂದಾಗ ಆಕ್ಷೇಪಣೆಗೆ ಕಾನೂನು ಕೊಡುವುದು 60 ದಿನ. ದೊಡ್ಡ ದೊಡ್ಡ ಮಾತು ಬರೆದು ಪ್ರಯೋಜನವಿಲ್ಲ. ನಿಮ್ಮ ಹಳ್ಳಿಯ ಹೆಸರು, ಸರ್ವೆ ನಂಬರು ಹಾಕಿ, ಈ ಗೆರೆ ಇಲ್ಲಿ ತಪ್ಪಾಗಿದೆ ಅಂತ ಬರೆಯಬೇಕು. ಅದಕ್ಕೆ ಮೊದಲು ಹಳೇ ಸರ್ವೆ ನಕ್ಷೆ ತೆಗೆಸಿ ಪಕ್ಕದಲ್ಲಿಟ್ಟು ನೋಡಬೇಕು.

ಭಾವ ಮಾಡಿದ್ದೂ ಅದನ್ನೇ. ಹಳ್ಳಿಯ ನಕ್ಷೆ ತೆಗೆಸಿದರು. ಬ್ರೋಕರ್ 'ಏನೂ ಇಲ್ಲ' ಅಂದಿದ್ದ ಕಾಲುವೆ ಸೈಟಿನ ಈಶಾನ್ಯ ಮೂಲೆಯಲ್ಲೇ ಹಾದುಹೋಗಿತ್ತು. ಅವರು ಅಡ್ವಾನ್ಸ್ ಕೊಡಲಿಲ್ಲ. ಮೊನ್ನೆ ಅದೇ ದಾರಿಯಲ್ಲಿ ಬರುವಾಗ ಇಬ್ಬರೂ ಕಾರಿನ ಕಿಟಕಿಯಿಂದ ನೋಡಿದೆವು. ಪಿಲ್ಲರ್ ಕಬ್ಬಿಣ ಮೇಲೆದ್ದಿತ್ತು. ಮುಂದೆ ಒಂದು ಲೋಡ್ ಜಲ್ಲಿ ಸುರಿದಿದ್ದರು.