ವೋಲ್ಟೇಜ್ ಇಳಿಸಿದರೆ ವಿಸಿಒ ಯಾಕೆ ಸುಮ್ಮನಾಗುತ್ತದೆ?

ಪ್ರಶ್ನೆ: ಸಿಡಿ40106 ಐಸಿ ಹಾಕಿ ವಿಸಿಒ (ಕೊಟ್ಟ ವೋಲ್ಟೇಜಿಗೆ ತಕ್ಕಂತೆ ಸ್ವರ ಬದಲಾಗುವ ಆಸಿಲೇಟರ್) ಮಾಡಿದ್ದೇನೆ, ಸಪ್ಲೈ 5 ವೋಲ್ಟ್. ಕಂಟ್ರೋಲ್ ವೋಲ್ಟೇಜ್ ಜಾಸ್ತಿ ಇದ್ದಾಗ ಚೆನ್ನಾಗಿ ಕೂಗುತ್ತೆ. ಪಾಟ್ (ವೋಲ್ಟೇಜ್ ಏರಿಳಿಸುವ ಗುಂಡಿ) ತಿರುಗಿಸಿ 3ಕ್ಕಿಂತ ಕೆಳಗೆ ತಂದರೆ ಪೂರ್ತಿ ನಿಂತುಬಿಡುತ್ತೆ. ಐಸಿ ಸುಟ್ಟಿದೆಯಾ ಸರ್?
- ಡಿಪ್ಲೊಮಾ ವಿದ್ಯಾರ್ಥಿ, ಚಳ್ಳಕೆರೆ

ಉತ್ತರ: ಸುಟ್ಟಿಲ್ಲ. ಪಾಟ್ ಏರಿಸಿದರೆ ಮತ್ತೆ ಕೂಗುತ್ತದೆ ಅಲ್ವಾ? ಸುಟ್ಟ ಐಸಿ ಹಾಗೆ ಮಾಡುವುದಿಲ್ಲ. ಈ ಸರ್ಕ್ಯೂಟ್ ಕಟ್ಟಿದ ಹೆಚ್ಚಿನವರು ಇಲ್ಲೇ ಬಂದು ನಿಲ್ಲುತ್ತಾರೆ.

ಒಳಗೆ ನಡೆಯುವುದು ಇಷ್ಟು. ಕಂಟ್ರೋಲ್ ವೋಲ್ಟೇಜ್ 100ಕೆ ರೆಸಿಸ್ಟರ್ ಮೂಲಕ 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ತುಂಬಿಸುತ್ತದೆ. ಆ ಕೆಪಾಸಿಟರ್ ಸೇರಿರುವ 1ನೇ ಪಿನ್ ಐಸಿಯೊಳಗಿನ ಒಂದು ಇನ್ವರ್ಟರಿನ (ಇನ್‌ಪುಟ್ ಏರಿದರೆ ಔಟ್‌ಪುಟ್ ಇಳಿಸುವ ಭಾಗ) ಇನ್‌ಪುಟ್, 2ನೇ ಪಿನ್ ಅದರ ಔಟ್‌ಪುಟ್. 1ನೇ ಪಿನ್ನಿನ ವೋಲ್ಟೇಜ್ ಸುಮಾರು 2.9 ಮುಟ್ಟಿದ ಕೂಡಲೇ 2ನೇ ಪಿನ್ ಸೊನ್ನೆಗೆ ಬೀಳುತ್ತದೆ. ಆಗ ಈ ಎರಡು ಪಿನ್ನುಗಳ ನಡುವಿನ ಡಯೋಡ್ ಕೆಪಾಸಿಟರನ್ನು ಸರಕ್ಕನೆ ಖಾಲಿ ಮಾಡುತ್ತದೆ. 1.9ಕ್ಕೆ ಇಳಿದ ಮೇಲೆ ಮತ್ತೆ ತುಂಬುವ ಕೆಲಸ. ಬೇಗ ತುಂಬಿದಷ್ಟೂ ಸ್ವರ ಮೇಲೇರುತ್ತದೆ.

ನಮ್ಮ ಹಿರಿಯೂರಿನ ವಾಣಿ ವಿಲಾಸ ಸಾಗರವನ್ನು ನೆನೆಯಿರಿ. 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಬಿದ್ದದ್ದು 2022ರಲ್ಲಿ, 89 ವರ್ಷದ ನಂತರ. ನಡುವೆ ವೇದಾವತಿಯಲ್ಲಿ ನೀರು ಬರಲೇ ಇಲ್ಲ ಅಂತಲ್ಲ. ಬಂತು, ಕೋಡಿಯ ಮಟ್ಟ ಮುಟ್ಟಲಿಲ್ಲ ಅಷ್ಟೇ. ನಿಮ್ಮ ಕೆಪಾಸಿಟರಿನ ಕೋಡಿ 2.9 ವೋಲ್ಟ್. ಪಾಟ್ ಕೊಡುವುದೇ 2.5 ಆದರೆ ಅದು 2.5ರವರೆಗೆ ತುಂಬಿ ಸುಮ್ಮನೆ ಕೂರುತ್ತದೆ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು 1ನೇ ಪಿನ್ನಿಗೆ, ಇನ್ನೊಂದನ್ನು ಗ್ರೌಂಡಿಗೆ ಇಟ್ಟು ನೋಡಿ. ಅಂಕಿ ಅಲುಗಾಡದೆ ನಿಂತಿರುತ್ತದೆ.

ನಿಲ್ಲುವ ಮುಂಚೆ ಏನಾಗುತ್ತದೆ ಅಂತ ಕಿವಿಗೊಟ್ಟು ಕೇಳಿದ್ದೀರಾ? ಲೆಕ್ಕದ ಪ್ರಕಾರ 5 ವೋಲ್ಟಿಗೆ ಸುಮಾರು 250 ಹರ್ಟ್ಜ್, 4ಕ್ಕೆ 150, 3ಕ್ಕೆ ಬರೀ 40. ಮೊದಲ ಒಂದು ವೋಲ್ಟಿಗೆ ಐದರಲ್ಲಿ ಮೂರು ಪಾಲಾದರೂ ಉಳಿಯಿತು, ಮುಂದಿನ ಒಂದು ವೋಲ್ಟಿಗೆ ಅದರಲ್ಲೂ ಕಾಲು ಪಾಲಷ್ಟೇ ಉಳಿಯಿತು. ಸದ್ದು ಮಾಡುವ ಪೀಜೋ ಡಿಸ್ಕಿನಲ್ಲಿ ಗುಂಯ್ ಅನ್ನುತ್ತಿದ್ದದ್ದು ಟಕಟಕ ಆಗಿ, ಆಮೇಲೆ ಮೌನ. ಕಂಟ್ರೋಲ್ ವೋಲ್ಟೇಜ್ ಕೋಡಿಯ ಹತ್ತಿರ ಬಂದಷ್ಟೂ ತುಂಬುವ ವೇಗ ಸಾಯುತ್ತದೆ.

ದಾರಿ ಸುಲಭ. 1ನೇ ಪಿನ್ನಿನಿಂದ 5 ವೋಲ್ಟ್ ಸಪ್ಲೈಗೆ ಒಂದು 33ಕೆ ರೆಸಿಸ್ಟರ್ ಸೇರಿಸಿ. ಈಗ ಕಂಟ್ರೋಲ್ ಸೊನ್ನೆ ಆದರೂ ಕೆಪಾಸಿಟರ್ 3.7 ವೋಲ್ಟಿನ ಕಡೆಗೆ ಏರುತ್ತದೆ, ಕೋಡಿ ದಾಟುತ್ತದೆ. 47ಕೆ ಕೂಡ ಸಾಮಾನ್ಯವಾಗಿ ನಡೆಯುತ್ತದೆ. ಆದರೆ ಈ ಕೋಡಿಯ ಮಟ್ಟ ಐಸಿಯಿಂದ ಐಸಿಗೆ ಬೇರೆ, ಕೆಲವು ಐಸಿಗಳಲ್ಲಿ 3.6ರವರೆಗೂ ಹೋಗಬಹುದು. ಅದಕ್ಕೇ 33ಕೆ ಅಂದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಸ್ವರದ ಹರವು ಕುಗ್ಗುತ್ತದೆ, ಸುಮಾರು 500ರಿಂದ 900 ಹರ್ಟ್ಜ್ ಅಷ್ಟೇ. ದಪ್ಪ ಸ್ವರ ಬೇಕಿದ್ದರೆ ಕೆಪಾಸಿಟರ್ 0.47 ಹಾಕಿ. ಹರವು ದೊಡ್ಡದೇ ಬೇಕು ಅಂದರೆ ವಿಸಿಒ ಒಳಗೇ ಇರುವ ಸಿಡಿ4046 ತಗೊಳ್ಳಿ. ಆದರೆ ಮೊದಲು ಇದನ್ನೇ ಸರಿಮಾಡಿ ಕೇಳಿ ಅನ್ನುವುದು ನನ್ನ ಆಸೆ, ಕೈಯಾರೆ ಕಟ್ಟಿದ್ದು ತಲೆಯಲ್ಲಿ ಉಳಿಯುತ್ತದೆ.

ಇನ್ನೆರಡು ಮಾತು. ಡಯೋಡಿನ ಕಪ್ಪು ಗೆರೆ 2ನೇ ಪಿನ್ನಿನ ಕಡೆಗೇ ಇರಲಿ. ಬಳಸದ ಇನ್ವರ್ಟರುಗಳ ಇನ್‌ಪುಟ್ ಪಿನ್ನುಗಳನ್ನು ಗ್ರೌಂಡಿಗೆ ಕಟ್ಟಿ. ಬಿಟ್ಟರೆ ಅವು ಗಾಳಿಯಲ್ಲಿ ತೇಲಾಡಿ, ಕೈ ಹತ್ತಿರ ತಂದರೂ ಸ್ವರ ಅಲುಗಾಡಬಹುದು.