ನೀರು ತಿಳಿಯಾಗಿಯೇ ಇದೆ, ಮೀನು ಯಾಕೆ ಸಾಯುತ್ತಿವೆ?

ಪ್ರಶ್ನೆ: ಅಕ್ವೇರಿಯಂ ಇಟ್ಟು ಎರಡು ತಿಂಗಳಾಯಿತು. ವಾರಕ್ಕೊಮ್ಮೆ ನೀರೆಲ್ಲ ಖಾಲಿ ಮಾಡಿ, ಕಲ್ಲು, ಗಾಜು, ಫಿಲ್ಟರ್ ಎಲ್ಲವನ್ನೂ ನಲ್ಲಿ ಕೆಳಗೆ ಉಜ್ಜಿ ತೊಳೆಯುತ್ತೇವೆ. ನೀರು ಫಳಫಳ ಅನ್ನುತ್ತದೆ. ಆದರೂ ಮೀನುಗಳು ಒಂದೊಂದಾಗಿ ಸಾಯುತ್ತಿವೆ. ಮೈಮೇಲೆ ಗಾಯವಿಲ್ಲ, ಕಲೆಯಿಲ್ಲ. ಏನು ಕಾರಣ?

ಉತ್ತರ: ನನಗೆ ಮೊದಲ ಅನುಮಾನ ನಿಮ್ಮ ವಾರದ ತೊಳೆಯುವಿಕೆಯ ಮೇಲೇ. ಕೇಳಲು ವಿಚಿತ್ರ, ಅಲ್ವಾ? ಆದರೆ ಕಾರಣ ಗೊತ್ತಾಗದೆ ಸಾಯುವ ಮೀನುಗಳ ಹಿಂದೆ ತುಂಬಾ ಸಲ ಇರುವುದು ಇದೇ.

ಮೀನು ಉಸಿರಾಡುವಾಗ ಕಿವಿರಿನಿಂದ ಅಮೋನಿಯಾ ಹೊರಬೀಳುತ್ತದೆ. ಮಲ, ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅದೇ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ. ಮೀನು ಸಾಯುವಷ್ಟು ಸೇರಿದ್ದರೂ ನಮ್ಮ ಮೂಗಿಗೆ ವಾಸನೆ ಸಿಗುವುದಿಲ್ಲ. ಹಾಗಾಗಿ ತಿಳಿನೀರು ನೋಡಿ ಏನನ್ನೂ ಹೇಳಲಾಗದು.

ಟ್ಯಾಂಕಿನಲ್ಲಿ ಈ ವಿಷವನ್ನು ಕರಗಿಸುವುದು ಬ್ಯಾಕ್ಟೀರಿಯಾ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ತೀರಾ ಜಾಸ್ತಿಯಾಗದಿದ್ದರೆ ಮೀನು ತಾಳಿಕೊಳ್ಳುತ್ತದೆ. ಈ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲುವುದು ಕಡಿಮೆ. ಫಿಲ್ಟರಿನ ಸ್ಪಂಜು, ಕಲ್ಲುಗಳಿಗೆ ಅಂಟಿಕೊಂಡಿರುತ್ತದೆ. ಹೊಸ ಟ್ಯಾಂಕಿನಲ್ಲಿ ಅದು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನೀವು ಪ್ರತಿ ವಾರ ಅದನ್ನು ಉಜ್ಜಿ ತೆಗೆಯುತ್ತೀರಿ. ಉಳಿದದ್ದನ್ನು ನಲ್ಲಿ ನೀರಿನ ಕ್ಲೋರಿನ್ ಕೊಲ್ಲುತ್ತದೆ. ಅಂದರೆ ನಿಮ್ಮದು ಎರಡು ತಿಂಗಳ ಟ್ಯಾಂಕ್ ಅಲ್ಲ, ಯಾವಾಗಲೂ ಒಂದು ವಾರದ ಟ್ಯಾಂಕ್.

ಇದನ್ನು ಪರೀಕ್ಷಿಸಿ ನೋಡಬಹುದು. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ತನ್ನಿ. ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ (ನೀರಿನ ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಅಂಕಿ ಕಡಿಮೆ) ನಾಲ್ಕೂ ಇರಲಿ. ನೀರು ಬದಲಿಸುವ ಮುಂಚೆ ಪರೀಕ್ಷಿಸಿ. ಬದಲಿಸಿದ ಮೇಲೆ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಸಾಮಾನ್ಯ ಕಿಟ್‌ಗಳಲ್ಲಿ ಅಮೋನಿಯಾ ಇಲ್ಲದಿದ್ದರೆ ಕೊಳವೆ ಹಳದಿಯಾಗಿ ಉಳಿಯುತ್ತದೆ, ಇದ್ದರೆ ಹಸಿರಿಗೆ ತಿರುಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ನೈಟ್ರೇಟ್ 40 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 40 ಪಾಲು) ದಾಟದಿದ್ದರೆ ಸಾಕು. ಅಮೋನಿಯಾ ಇದೆ, ನೈಟ್ರೈಟ್, ನೈಟ್ರೇಟ್ ಎರಡೂ ಸೊನ್ನೆ ಎಂದು ಬಂದರೆ ಬ್ಯಾಕ್ಟೀರಿಯಾ ಇನ್ನೂ ಕೆಲಸ ಶುರುವೇ ಮಾಡಿಲ್ಲ ಎಂದರ್ಥ.

ಆಗಷ್ಟೇ ಸತ್ತ ಮೀನು ಸಿಕ್ಕರೆ ಕಿವಿರಿನ ಮುಚ್ಚಳ ಎತ್ತಿ ನೋಡಿ. ಕಿವಿರು ಕೆಂಪಗಿರಬೇಕು. ಕಂದು ಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟ್ ಮೇಲೆ ಅನುಮಾನ ಪಡಿ. ಅದು ರಕ್ತಕ್ಕೆ ಸೇರಿದರೆ ರಕ್ತ ಆಮ್ಲಜನಕ ಹೊರಲಾರದು. ನೀರಿನಲ್ಲಿ ಗಾಳಿ ಬೇಕಾದಷ್ಟಿದ್ದರೂ ಮೀನು ಉಸಿರುಕಟ್ಟಿ ಸಾಯುತ್ತದೆ. ಸತ್ತು ಗಂಟೆಗಟ್ಟಲೆ ಆಗಿದ್ದರೆ ಈ ಪರೀಕ್ಷೆ ಬೇಡ, ಆ ಹೊತ್ತಿಗೆ ಎಲ್ಲ ಕಿವಿರೂ ಬಿಳಿಚಿಕೊಂಡಿರುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ಆಗುವುದೂ ಉಂಟು. ವರ್ಷಗಟ್ಟಲೆ ಚೆನ್ನಾಗಿದ್ದ ಟ್ಯಾಂಕ್, ತಿಂಗಳುಗಳಿಂದ ನೀರು ಬದಲಿಸಿಲ್ಲ, ಒಂದು ದಿನ ಮುಕ್ಕಾಲು ಪಾಲು ಹೊಸ ನೀರು ಹಾಕಿದ್ದೇ ತಡ, ಸಂಜೆಯೊಳಗೆ ಮೀನುಗಳು ಸಾಯುತ್ತವೆ. ಜನ ಹೊಸ ನೀರಿಗೆ ಶಾಪ ಹಾಕುತ್ತಾರೆ. ಆಗಿದ್ದು ಬೇರೆ. ಹಳೆ ನೀರು ನಿಧಾನವಾಗಿ ಹುಳಿಯಾಗಿ ಪಿಎಚ್ ಇಳಿದಿರುತ್ತದೆ. ಅಂಥ ನೀರಿನಲ್ಲಿ ಬ್ಯಾಕ್ಟೀರಿಯಾ ಮಂಕಾಗಿ ಅಮೋನಿಯಾ ಸೇರುತ್ತಾ ಹೋದರೂ ಅದು ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ. ಅದರ ವಿಷ ಕಡಿಮೆ. ಹೊಸ ನೀರು ಪಿಎಚ್ ಏರಿಸಿದ ಕೂಡಲೇ ಅದು ಅಮೋನಿಯಾ ಆಗುತ್ತದೆ. ಪಿಎಚ್ 7ರಿಂದ 8ಕ್ಕೆ ಹೋದರೆ ವಿಷದ ಪಾಲು ಸುಮಾರು 10 ಪಟ್ಟು ಜಾಸ್ತಿ! ಇಂಥ ಟ್ಯಾಂಕಿಗೆ ದಿನಕ್ಕೆ 10-15 ಶೇಕಡಾ ನೀರು ಮಾತ್ರ ಬದಲಿಸುತ್ತಾ ದಾರಿಗೆ ತರಬೇಕು.

ಸಾಯುವ ರೀತಿಯೂ ಸುಳಿವು ಕೊಡುತ್ತದೆ. ನಿಮ್ಮಂತೆ ಒಂದೊಂದಾಗಿ ಹೋಗುತ್ತಿದ್ದರೆ ಅಮೋನಿಯಾ, ಇಲ್ಲವೇ ರೋಗ. ರಾತ್ರಿ ಚೆನ್ನಾಗಿದ್ದು ಬೆಳಗಾಗುವಷ್ಟರಲ್ಲಿ ಎಲ್ಲವೂ ಸತ್ತಿದ್ದರೆ ಆಮ್ಲಜನಕ ಅಥವಾ ಹೊರಗಿನ ವಿಷ. ಗಿಡಗಳು ಕತ್ತಲಲ್ಲಿ ಆಮ್ಲಜನಕ ಬಳಸುತ್ತವೆ, ಕೊಡುವುದಿಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕರಗುವುದು ಕಡಿಮೆ. ಉಳಿದ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದು, ಬೆಟ್ಟಾ ಅಥವಾ ಗೌರಾಮಿ ಮಾತ್ರ ಆರಾಮಾಗಿದ್ದರೆ ಆಮ್ಲಜನಕದ ಕೊರತೆ ಎಂದು ಅನುಮಾನಿಸಬಹುದು. ಅವೆರಡೂ ಮೇಲಿನ ಗಾಳಿಯನ್ನೇ ನೇರ ಉಸಿರಾಡಬಲ್ಲವು.

ಹೊರಗಿನ ವಿಷ ಎಂದರೆ ಹೆಚ್ಚಾಗಿ ಸೊಳ್ಳೆ, ಜಿರಲೆಗೆ ಹೊಡೆಯುವ ಸ್ಪ್ರೇ. ಅವುಗಳಲ್ಲಿ ಸಾಮಾನ್ಯವಾಗಿ ಇರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಮೀನಿಗೆ ಅತಿ ವಿಷ. ಟ್ಯಾಂಕಿಗೆ ಮುಚ್ಚಳ ಹಾಕಿದ್ದೇವೆ ಎಂದು ಸುಮ್ನೆ ಇರಬೇಡಿ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರೊಳಗೆ ಊದುತ್ತದೆ, ಸ್ಪ್ರೇ ಜೊತೆಗೇ. ಸೋಪು ಮೆತ್ತಿದ ಕೈ, ಪಾತ್ರೆ ತೊಳೆಯುವ ಬಕೆಟ್ ಕೂಡ ಇದೇ ಸಾಲಿಗೆ. ಹೊಸ ಮೀನು ಬಿಟ್ಟ ಒಂದೆರಡು ವಾರದಲ್ಲಿ ಹಳೆಯವು ಸಾಯತೊಡಗಿದರೆ ಅದು ರೋಗ ತಂದಿರಬಹುದು.

ನೀವು ಈಗ ಮಾಡಬೇಕಾದದ್ದು ಇಷ್ಟು. ಎರಡು ದಿನ ಆಹಾರ ನಿಲ್ಲಿಸಿ, ಮೀನು ಹಸಿವಿನಿಂದ ಸಾಯುವುದಿಲ್ಲ. ಏರ್ ಪಂಪ್ ಹಗಲು ರಾತ್ರಿ ಓಡಲಿ. ಕಾಲು ಭಾಗ ನೀರು ಮಾತ್ರ ಬದಲಿಸಿ. ಹೊಸ ನೀರು ಟ್ಯಾಂಕಿನಷ್ಟೇ ಬೆಚ್ಚಗಿರಲಿ, ಕ್ಲೋರಿನ್ ತೆಗೆಯುವ ದ್ರಾವಣ ಹಾಕಿರಿ. ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ, ಆದರೆ ಕ್ಲೋರಮಿನ್ (ಕ್ಲೋರಿನ್, ಅಮೋನಿಯಾ ಸೇರಿ ಆದದ್ದು) ಬೆರೆಸಿದ ನೀರಿಗೆ ಆ ಉಪಾಯ ನಡೆಯದು. ಮರುದಿನ ಪರೀಕ್ಷಿಸಿ, ಅಮೋನಿಯಾ ಕಂಡರೆ ಮತ್ತೆ ಕಾಲು ಭಾಗ. ನೈಟ್ರೈಟ್ ಇದ್ದರೆ ಲೀಟರಿಗೆ ಅರ್ಧ ಗ್ರಾಂ ಉಪ್ಪು ಕರಗಿಸಿ ಹಾಕಬಹುದು, ಅದರ ಕ್ಲೋರೈಡ್ ನೈಟ್ರೈಟ್ ಕಿವಿರಿನೊಳಗೆ ಹೋಗದಂತೆ ತಡೆಯುತ್ತದೆ. ಫಿಲ್ಟರಿನಲ್ಲಿ ನೀರು ಹರಿಯುವುದು ನಿಧಾನವಾದಾಗ ಮಾತ್ರ ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ. ಕಂದು ಬಣ್ಣ ಪೂರ್ತಿ ಹೋಗುವುದು ಬೇಡ.

ಅಂದಾಜಿನ ಮೇಲೆ ಔಷಧಿ ಸುರಿಯಬೇಡಿ. ಕೆಲವು ಆಂಟಿಬಯೋಟಿಕ್‌ಗಳು ನಿಮಗೆ ಬೇಕಾದ ಬ್ಯಾಕ್ಟೀರಿಯಾವನ್ನೂ ಹೊಡೆದುಹಾಕುತ್ತವೆ. ತಾಮ್ರವಿರುವ ಔಷಧಿ ಬಸವನಹುಳು, ಸೀಗಡಿಗಳನ್ನು ಕೊಲ್ಲುತ್ತದೆ. ಖಾಲಿಯಾದ ಜಾಗ ತುಂಬಲೂ ಅವಸರ ಬೇಡ. ಅಮೋನಿಯಾ, ನೈಟ್ರೈಟ್ ಎರಡೂ ವಾರವಿಡೀ ಸೊನ್ನೆಯಲ್ಲೇ ನಿಂತ ಮೇಲೆ ಎರಡು ಮೂರು ಮೀನು ತನ್ನಿ. ಜಾಗವಿದ್ದರೆ ಅವನ್ನು ಮೊದಲ ಎರಡು ಮೂರು ವಾರ ಬೇರೆ ತೊಟ್ಟಿಯಲ್ಲೇ ಇಡಿ.